ನಮ್ಮ ಪುಸ್ತಕಗಳಲ್ಲಿ ಯಾರೂ ಓಡುವುದಿಲ್ಲ

ಯುದ್ಧದ ಪುಸ್ತಕ ಮಾಡುವವರಿಗೆ ಒಂದು ಚಟವಿರುತ್ತದೆ. ಸೈನಿಕ ಬಾಯಿಬಿಟ್ಟು "ಓಡಿದ್ವಿ" ಎಂದರೆ ನಾವು "ಹಿಂದಕ್ಕೆ ಸರಿದೆವು" ಎಂದು ಬರೆಯುತ್ತೇವೆ. "ಹೆದರಿಕೆ ಆಯ್ತು" ಎಂದರೆ "ಎಚ್ಚರಗೊಂಡೆವು" ಎನ್ನುತ್ತೇವೆ. ಇದಕ್ಕೆ ನಾನು ಭಾಷೆ ತಿದ್ದುವುದು ಎಂದು ಹೆಸರಿಟ್ಟುಕೊಂಡಿದ್ದೆ, ಹೆಮ್ಮೆಯೂ ಪಟ್ಟುಕೊಂಡಿದ್ದೆ. ಪದ್ಮನಾಭನಗರದಲ್ಲಿ ನನ್ನ ಪ್ರಕಾಶನದ ಆಫೀಸಿನ ಕೆಳಗೊಂದು ಟ್ಯೂಷನ್ ಸೆಂಟರ್ ಇದೆ. ಅಲ್ಲಿನ ಮಕ್ಕಳು ನನ್ನನ್ನು ವಾರ್ ಆಂಟಿ ಎನ್ನುತ್ತಾರೆ. ಅದು ನಾನು ಮಾಡುವ ಪುಸ್ತಕಗಳಿಂದ ಬಂದ ಹೆಸರೋ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟಾಗ ನಾನು ಕೂಗಾಡುವುದರಿಂದ ಬಂದದ್ದೋ ಗೊತ್ತಿಲ್ಲ.

ಜರಗನಹಳ್ಳಿಯ ಹವಾಲ್ದಾರರು ಆ ಮೆಟ್ಟಿಲು ಹತ್ತಿ ಬಂದಿದ್ದು ಕಳೆದ ವರ್ಷ. ಸೈನ್ಯದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳಿವೆ, ಆದರೂ ಮನುಷ್ಯ ಬಸ್ಸಿನಲ್ಲೇ ಓಡಾಡುತ್ತಾರೆ. ಪುಸ್ತಕ ಮಾಡಿಸಲು ಬರುವ ನಿವೃತ್ತರನ್ನೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಒಂದೇ, ಪುಸ್ತಕ ಯಾಕೆ ಬೇಕು ಎಂದು. ಮೊಮ್ಮಗನ ಮದುವೆಯಲ್ಲಿ ಹಂಚುವುದಕ್ಕೆ ಎನ್ನುವವರನ್ನು ನಯವಾಗಿ ಸಾಗಹಾಕುತ್ತೇನೆ. ಇವರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ ಉತ್ತರವೇ ಬೇರೆ.

"ಹುಳಿಮಾವಲ್ಲಿ ಒಬ್ರು ಮೇಡಂ ಅವ್ರೆ. ನಮ್ಮ ಸೆಕ್ಷನ್ನಿಗೆ ನಾಯಕ್ ಆಗಿದ್ರಲ್ಲ, ಅವ್ರ ತಂಗಿ. ಅವ್ರಣ್ಣ ಹೆಂಗ್ ಸತ್ರು ಅಂತ ಅವ್ರಿಗೆ ಹೇಳ್ಬೇಕಮ್ಮಾ. ಐವತ್ ವರ್ಷ ಆಯ್ತು, ಬಾಯಲ್ ಹೇಳಕ್ಕೆ ಆಗಿಲ್ಲ. ಪುಸ್ತಕ ಆದ್ರೆ ಕೈಗ್ ಕೊಟ್ಟು ಬಂದ್ಬಿಡ್ಬೋದು."

ಅಷ್ಟು ಸಾಕಾಗಿತ್ತು ನನಗೆ. ಒಪ್ಪಿಕೊಂಡೆ.

ನಮ್ಮ ಕೆಲಸದ ಕ್ರಮ ಹೀಗೆ. ಮೊದಲು ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಅದನ್ನು ಬರಹಕ್ಕಿಳಿಸಿದ ಮೇಲೆ ಆ ತುಕಡಿಯ ಅಚ್ಚಾದ ಇತಿಹಾಸದ ಜೊತೆ, ನಕ್ಷೆಯ ಜೊತೆ ಹೋಲಿಸುತ್ತೇನೆ. ಎರಡೂ ತಾಳೆಯಾಗದಿದ್ದರೆ ನೆನಪನ್ನು ಬಿಟ್ಟು ದಾಖಲೆಯನ್ನು ಹಿಡಿಯುತ್ತೇನೆ. ಆಮೇಲೆ ಜೆ.ಪಿ. ನಗರದ ಒಬ್ಬ ನಿವೃತ್ತ ಕರ್ನಲ್ ಹಸ್ತಪ್ರತಿಯನ್ನು ಓದುತ್ತಾರೆ, ಮುನ್ನುಡಿಯನ್ನೂ ಅವರೇ ಬರೆಯುತ್ತಾರೆ. ಕೊನೆಗೆ ಪುಟ ಕಟ್ಟಿದ ಕರಡನ್ನು ಲೇಖಕರಿಗೆ ಕೊಟ್ಟು ಪ್ರತಿ ಪುಟದ ಕೆಳಗೂ ಸಹಿ ಹಾಕಿಸಿಕೊಳ್ಳುತ್ತೇನೆ. ಈ ಕ್ರಮದಲ್ಲಿ ತಪ್ಪು ನುಸುಳುವುದಕ್ಕೆ ದಾರಿಯೇ ಇಲ್ಲ ಎಂದು ಹೊಸಬರಿಗೆ ಭಾಷಣ ಮಾಡುತ್ತಿದ್ದೆ.

ಹವಾಲ್ದಾರರು ಮಾತಾಡುವಾಗ ಕೈಗೆ ಏನಾದರೂ ಬೇಕು. ಒಂದು ದಿನ ಬರುವಾಗ ಬನಶಂಕರಿಯಲ್ಲಿ ಹುರಿದ ಕಡಲೆಕಾಯಿ ಕಟ್ಟಿಸಿಕೊಂಡು ಬಂದಿದ್ದರು. ಅದನ್ನೇ ಮೇಜಿನ ಮೇಲೆ ಹರಡಿ ಗಡಿಯ ಮಣ್ಣಿನ ದಿಬ್ಬ ತೋರಿಸಿದರು. ದಿಬ್ಬದ ಮೇಲೆ ಒಂದು ಮೆಷಿನ್ ಗನ್. ಐದು ಕಡಲೆಕಾಯಿ, ಐದು ಜನ. ಬಿಸಿಲೇರುವ ಹೊತ್ತಿಗೆ ಎದುರಿನಿಂದ ಶೆಲ್ ಬೀಳತೊಡಗಿದವು, ನಂತರ ಜನ ಬರತೊಡಗಿದರು. ಅವರು ನಾಲ್ಕು ಕಡಲೆಕಾಯಿಗಳನ್ನು ಒಂದೊಂದಾಗಿ ನನ್ನ ಕಡೆಗೆ ಸರಿಸಿದರು. ಒಂದು ಅಲ್ಲೇ ಉಳಿಯಿತು.

"ನಾವ್ ನಾಲ್ಕ್ ಜನ ಓಡಿದ್ವಿ. ನಾಯಕ್ ಗನ್ ಬಿಟ್ಟು ಅಲ್ಲಾಡ್ಲಿಲ್ಲ. 'ಲೋ ಜರಗನಳ್ಳೀ, ನಿಲ್ಲೋ!' ಅಂತ ಕೂಗಿದ್ರು. ಮಿಕ್ಕ ಮೂರ್ ಜನಕ್ಕೆ ಕನ್ನಡ ಬರಲ್ಲ ಅಮ್ಮಾ. ಅದು ನಂಗೇ ಕೂಗಿದ್ದು. ನಾನು ನಿಲ್ಲಿಲ್ಲ."

ನಾನು ಫೋನಿನ ಕಡೆ ನೋಡಿ, ರೆಕಾರ್ಡ್ ಆಗುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡೆ. ಅವರು ಹೋದ ಮೇಲೆ ಮೇಜಿನ ಮೇಲಿದ್ದ ಕಡಲೆಕಾಯಿಗಳನ್ನು ಸುಲಿದು ತಿಂದೆ, ದಿಬ್ಬದ ಮೇಲೆ ಉಳಿದಿದ್ದ ಒಂದನ್ನೂ ಸೇರಿಸಿ. ಇದನ್ನು ಹೇಳುವ ಅಗತ್ಯವಿರಲಿಲ್ಲ, ಆದರೆ ಇವತ್ತು ನೆನೆದರೆ ಅದಕ್ಕೂ ನಾಚಿಕೆಯಾಗುತ್ತದೆ.

ದಾಖಲೆಯ ಜೊತೆ ಹೋಲಿಸುವಾಗ ತೊಡಕು ಬಂತು. ತುಕಡಿಯ ಇತಿಹಾಸದಲ್ಲಿ ಈ ದಿಬ್ಬಕ್ಕೆ ಸಿಕ್ಕಿದ್ದು ಎರಡೇ ಸಾಲು. ಮೇಲಿನವರ ಅನುಮತಿಯಿಲ್ಲದೆ ನಾಯಕ್ ತಮ್ಮ ಸೆಕ್ಷನ್ನಿಗೆ ಹಿಂದಕ್ಕೆ ಹೋಗಲು ಆದೇಶ ಕೊಟ್ಟರು, ನಾಯಕ್ ಅಲ್ಲೇ ಹತರಾದರು, ನಾಲ್ವರು ಮರಳಿದರು. ಕರ್ನಲ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು.

"ಮೇಡಂ, ರೆಕಾರ್ಡಲ್ಲಿ ಇರೋದನ್ನ ಹಾಕಿ. ಆರ್ಡರ್ ಇಲ್ದೆ ಪೋಸ್ಟ್ ಬಿಟ್ಟು ಓಡಿದ್ವಿ ಅಂತ ಪ್ರಿಂಟ್ ಆದ್ರೆ ಆ ಹವಾಲ್ದಾರ್ ನಾಳೆ ಮಾಜಿ ಸೈನಿಕರ ಸಭೆಗೆ ಹೋಗಿ ಹೆಂಗ್ ಕೂತ್ಕೋತಾರೆ? ವಯಸ್ಸಾದವ್ರು, ಏನೋ ಮನಸ್ಸಲ್ ಇಟ್ಕೊಂಡು ಕೊರಗ್ತಿದಾರೆ. ನೀವು ಕಾಪಾಡ್ಬೇಕು."

ಕಾಪಾಡುವುದು ಎಂಬ ಮಾತು ನನಗೆ ಬಹಳ ಹಿಡಿಸಿತು. ಹವಾಲ್ದಾರರ ಸಾಲುಗಳನ್ನು ಹೊಡೆದುಹಾಕಿ ಹೀಗೆ ಬರೆದೆ: "ಶತ್ರುವಿನ ಒತ್ತಡ ಹೆಚ್ಚಿದಾಗ ನಾಯಕರ ಆದೇಶದಂತೆ ನಾವು ಶಿಸ್ತಿನಿಂದ ಹಿಂದಕ್ಕೆ ಸರಿದೆವು. ನಾಯಕರು ವೀರಮರಣವನ್ನಪ್ಪಿದರು." ಓದಿ ನೋಡಿದೆ. ಎಲ್ಲೂ ತಡೆಯದೆ ಓಡುವ ವಾಕ್ಯ. ಕೂಗನ್ನು ಇಟ್ಟುಕೊಂಡರೆ ಆದೇಶಕ್ಕೆ ಹೊಂದುತ್ತಿರಲಿಲ್ಲ, ಆದ್ದರಿಂದ ಕೂಗೂ ಹೋಯಿತು. ಕರ್ನಲ್ ಮುನ್ನುಡಿಯಲ್ಲಿ ಆ ಶಿಸ್ತಿನ ಬಗ್ಗೆ ಒಂದು ಪ್ಯಾರಾ ಬರೆದರು.

ಇಲ್ಲಿಯವರೆಗೂ ನಡೆದದ್ದನ್ನು ಯಾರಾದರೂ ಕೇಳಿದರೆ ಸಂಪಾದಕೀಯ ತೀರ್ಮಾನ ಎಂದು ಹೇಳಿ ಪಾರಾಗಬಹುದಿತ್ತು. ಮುಂದಿನದಕ್ಕೆ ಅಂಥ ಹೆಸರಿಲ್ಲ.

ಕರಡು ಸಿದ್ಧವಾದಾಗ ಹವಾಲ್ದಾರರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ, ಗಂಟೆಗೊಮ್ಮೆ ಡ್ರಾಪ್ಸ್, ಓದುವಂತಿರಲಿಲ್ಲ. ಜಯನಗರದಲ್ಲಿ ಬಿಡುಗಡೆಯ ಸಮಾರಂಭಕ್ಕೆ ಹಾಲ್ ಗೊತ್ತುಮಾಡಿಯಾಗಿತ್ತು, ಕಾಯುವಂತೆಯೂ ಇರಲಿಲ್ಲ. ಹಾಗಾಗಿ ಜರಗನಹಳ್ಳಿಯ ಅವರ ಮನೆಗೆ ಹೋಗಿ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದಿದೆ. ಅವರು ಮೊಣಕಾಲ ಮೇಲೆ ಎರಡೂ ಕೈ ಊರಿಕೊಂಡು, ಹಾಜರಿ ಕೂಗುವಾಗ ಕೂತಂತೆ ನೆಟ್ಟಗೆ ಕೂತು ಕೇಳಿದರು. ಆ ಪುಟ ಬಂತು. ಪುಟದ ಮೇಲೆ ನನ್ನ ವಾಕ್ಯವಿತ್ತು. ನನ್ನ ಬಾಯಲ್ಲಿ ಬಂದದ್ದು ಅವರ ವಾಕ್ಯ. ನಾವು ನಾಲ್ಕು ಜನ ಓಡಿದೆವು, ನಾಯಕ್ ಕೂಗಿದರು, ನಾನು ನಿಲ್ಲಲಿಲ್ಲ. ಬರೆದಿದ್ದನ್ನು ನೋಡುತ್ತಾ ಬರೆಯದ್ದನ್ನು ಓದಿದೆ, ಒಂದು ಸಲವೂ ತೊದಲಲಿಲ್ಲ.

"ಹ್ಞೂ. ಅಷ್ಟೇ. ಅಷ್ಟಿದ್ರೆ ಸಾಕು," ಎಂದು ಉಸಿರು ಬಿಟ್ಟು ನೀರು ತರಿಸಿಕೊಂಡು ಕುಡಿದರು. ಸಹಿ ಎಲ್ಲಿ ಹಾಕಬೇಕೋ ಅವರಿಗೆ ಕಾಣುತ್ತಿರಲಿಲ್ಲ. ನಾನೇ ಅವರ ಕೈ ಹಿಡಿದು ಪೆನ್ನಿನ ತುದಿಯನ್ನು ಆ ಪುಟದ ಕೆಳಗಿಟ್ಟೆ.

ಆಮೇಲೆ ಹೇಳಿದರಾಯಿತು, ಸಮಾರಂಭದ ದಿನ ನಾಲ್ಕು ಜನ ಎದ್ದು ನಿಂತು ಚಪ್ಪಾಳೆ ಹೊಡೆದಾಗ ಅವರೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಿಯೂ ಬಿಟ್ಟಿತು. ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಪುಸ್ತಕ ಬಂತು. ಸಮಾರಂಭಕ್ಕೆ ಇನ್ನೂ ಒಂದು ವಾರವಿತ್ತು. ಹವಾಲ್ದಾರರು ಫೋನ್ ಮಾಡಿ, ಮೊದಲ ಪ್ರತಿಯನ್ನು ಹುಳಿಮಾವಿಗೆ ಕೊಡಬೇಕು, ಕಣ್ಣು ಇನ್ನೂ ಮಂಜು, ಒಬ್ಬನೇ ಹೋಗಲು ಕಾಲು ಬರುತ್ತಿಲ್ಲ, ಜೊತೆಗೆ ಬನ್ನಿ ಎಂದರು. ಬೇಡ ಎನ್ನಲು ನೆಪ ಹುಡುಕಿದೆ. ಸಿಗಲಿಲ್ಲ.

ನಾಯಕರ ತಂಗಿ ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿ ರಿಟೈರ್ ಆದವರು. ಕೆರೆಯ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಯೂನಿಫಾರ್ಮಿನಲ್ಲಿದ್ದ ಅಣ್ಣನ ಫೋಟೊ. ಮಜ್ಜಿಗೆ ಕೊಟ್ಟರು. ಹವಾಲ್ದಾರರು ಎರಡೂ ಕೈಯಲ್ಲಿ ಪುಸ್ತಕ ಕೊಟ್ಟು, ಅಧ್ಯಾಯದ ಹೆಸರು ಹೇಳಿ, "ಅದನ್ನ ಓದಿ ಅಕ್ಕಾ. ಜೋರಾಗ್ ಓದಿ. ನಾನೂ ಕೇಳ್ಬೇಕು," ಎಂದರು.

ಟೀಚರ್ ಕನ್ನಡಕ ಏರಿಸಿಕೊಂಡು ಕ್ಲಾಸಿನಲ್ಲಿ ಓದುವಂತೆ ಒಂದೊಂದು ಪದವನ್ನೂ ಬಿಡಿಸಿ ಓದತೊಡಗಿದರು. ದಿಬ್ಬ ಬಂತು. ಶೆಲ್ ಬಂತು. ಮುಂದೆ ಏನು ಬರುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದು ಕೂತಿದ್ದೆ.

"ನಾಯಕರ ಆದೇಶದಂತೆ ನಾವು ಶಿಸ್ತಿನಿಂದ ಹಿಂದಕ್ಕೆ ಸರಿದೆವು."

ಹವಾಲ್ದಾರರು ತಲೆ ಎತ್ತಿದರು. "ಅಲ್ಲ ಅಕ್ಕಾ. ಅಲ್ಲಿ ಹಂಗಿಲ್ಲ. ಸರಿಯಾಗ್ ನೋಡಿ."

ಟೀಚರ್ ಮತ್ತೆ ಓದಿದರು, ಬೆರಳಿಟ್ಟು ಓದಿದರು. ಅದೇ ವಾಕ್ಯ. ಹವಾಲ್ದಾರರು ನನ್ನ ಕಡೆ ತಿರುಗಿದರು. "ಅವತ್ತು ನೀವ್ ಓದ್ದಾಗ ಬೇರೆ ಇತ್ತಲ್ಲಮ್ಮಾ?"

ಆಗಲಾದರೂ ನಿಜ ಹೇಳಬಹುದಿತ್ತು. "ಪ್ರಿಂಟಿಂಗ್ ಮಿಸ್ಟೇಕು," ಎಂದೆ.

"ಎರಡ್ ಸಾಲು, ಫುಲ್‌ಸ್ಟಾಪ್ ಸಮೇತ, ತಾನಾಗೇ ಪ್ರಿಂಟ್ ಆಯ್ತಾ?" ಎಂದು ಟೀಚರ್ ಕೇಳಿದರು. ಹೋಮ್‌ವರ್ಕ್ ಮಾಡದವರು ಹೇಳುವ ಸುಳ್ಳುಗಳನ್ನು ಜೀವಮಾನವಿಡೀ ಕೇಳಿದ ಹೆಂಗಸು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. "ಬಿಡಿ. ಇದೇನ್ ಹೊಸ್ದಲ್ಲ ನಮಗೆ. ಅವತ್ತೂ ಇದನ್ನೇ ಹೇಳಿದ್ರು. ಇವ್ರ ಮಗ ಓಡಿ ಅಂದನಂತೆ ಅಂತ ಊರಲ್ಲೆಲ್ಲ ಮಾತು. ನಮ್ಮಪ್ಪ ಅರಳಿಕಟ್ಟೆ ಹತ್ರ ಕೂರೋದೇ ಬಿಟ್ಬಿಟ್ರು. ಈಗ ಪುಸ್ತಕದಲ್ಲೂ ಬಂತು, ಅಷ್ಟೇ."

ಹವಾಲ್ದಾರರು "ಅಕ್ಕಾ, ನಾನು..." ಎಂದರು. ಮುಂದಕ್ಕೆ ನಾಲಗೆ ಹೊರಳಲಿಲ್ಲ. ಬಾಯಲ್ಲಿ ಹೇಳಲು ಆಗುವುದಿಲ್ಲ ಎಂದೇ ಅಲ್ಲವೇ ಆ ಮನುಷ್ಯ ನನ್ನ ಹತ್ತಿರ ಬಂದಿದ್ದು. ನಾವು ಎದ್ದೆವು. ಟೀಚರ್ ಪುಸ್ತಕವನ್ನು ವಾಪಸ್ ಕೊಡಲಿಲ್ಲ, ಇಟ್ಟುಕೊಳ್ಳುತ್ತೇನೆ ಎಂದೂ ಹೇಳಲಿಲ್ಲ.

ಬನ್ನೇರುಘಟ್ಟ ರೋಡಿನಲ್ಲಿ ಆಟೊ ನಿಂತಲ್ಲೇ ನಿಂತಿತ್ತು. ಹವಾಲ್ದಾರರು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮುಂದಿದ್ದ ಬಸ್ಸಿನ ಬೆನ್ನು ನೋಡುತ್ತಾ ಹೇಳಿದರು. ದಿಬ್ಬದಿಂದ ಓಡಿ ಬಂದ ಮೇಲೆ ಅವರನ್ನೆಲ್ಲ ವಿಚಾರಣೆಗೆ ಕರೆದರಂತೆ. ನಾಲ್ವರೂ ಮೊದಲೇ ಮಾತಾಡಿಕೊಂಡಿದ್ದರಂತೆ. ನಾಯಕ್ ಹೇಳಿದ್ದಕ್ಕೆ ಬಂದೆವು ಎಂದರಂತೆ. ಸತ್ತವನನ್ನು ಯಾರು ಕೇಳುತ್ತಾರೆ.

ನಾನು ತುಕಡಿಯ ಇತಿಹಾಸದ ಆ ಎರಡು ಸಾಲನ್ನು ನೆನೆದೆ. ನೆನಪಿಗಿಂತ ದಾಖಲೆ ದೊಡ್ಡದು ಎಂದು ನಾನು ಹಿಡಿದದ್ದು ಇವರದೇ ಸುಳ್ಳನ್ನು. ಅದನ್ನು ತೊಳೆದುಕೊಳ್ಳಲು ಬಂದವರ ಬಾಯಿಗೆ ಮತ್ತೆ ಅದನ್ನೇ ತುರುಕಿ, ಕೆಳಗೆ ಸಹಿಯನ್ನೂ ಹಾಕಿಸಿದ್ದೆ.

"ನೀವಿದನ್ನ ನಂಗೆ ಹೇಳಿರ್ಲಿಲ್ಲ," ಎಂದೆ. ಆಗಲೂ ನನ್ನ ಪರವಾಗಿಯೇ ವಾದ.

"ಓಡಿದ್ವಿ ಅಂದ್ನಲ್ಲಮ್ಮಾ. ಅದ್ರಲ್ಲೇ ಎಲ್ಲಾ ಬಂತಲ್ಲ." ಕನ್ನಡಕ ಮತ್ತೆ ಹಾಕಿಕೊಂಡರು. "ನನ್ನ ನಾಚ್ಕೆ ನಂದು. ಇಷ್ಟ್ ವರ್ಷ ಹೊತ್ಕೊಂಡು ಬಂದು ನಿಮ್ ಮೇಜಿನ್ ಮೇಲೆ ಇಟ್ಟೆ. ನೀವ್ಯಾಕೆ ಅದನ್ನ ಎತ್ತಾಕಿದ್ರಿ?"

ಜರಗನಹಳ್ಳಿಯಲ್ಲಿ ಇಳಿಯುವಾಗ ಹಿಡಿದುಕೊಳ್ಳಲೆಂದು ನಾನು ಕೈ ಚಾಚಿದೆ. ಅವರು ಆಟೊದ ಕಂಬಿ ಹಿಡಿದು ಇಳಿದರು.

ಮರುದಿನ ಬೆಳಿಗ್ಗೆ ಕರ್ನಲ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ನಾನು ಬೇರೆ ಓದಿದ್ದನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಬಹಳ ಹೊತ್ತು ಯೋಚಿಸಿ ಒಂದು ದಾರಿ ತೋರಿಸಿದರು.

"ಒಂದ್ ತಿದ್ದುಪಡಿ ಚೀಟಿ ಒಳಗಿಡಿ. ಫಂಕ್ಷನ್ ನಡೀಲಿ. ಮುಂದಿನ ಮುದ್ರಣದಲ್ಲಿ ನೋಡ್ಕೊಳೋಣ. ಅವ್ರೀಗ ಹೇಳ್ತಿರೋದಕ್ಕೂ ಪ್ರೂಫ್ ಇಲ್ಲ ತಾನೆ?"

ಚೀಟಿ ಬಿದ್ದುಹೋಗುತ್ತದೆ. ಪುಸ್ತಕ ಅಂಗಡಿಯಿಂದ ಮನೆಗೆ ಹೋಗುವಷ್ಟರಲ್ಲಿ ಬಸ್ಸಿನ ಸೀಟಿನ ಕೆಳಗೆ ಬಿದ್ದಿರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು, ಹಿಂದೆ ಎಷ್ಟೋ ಸಲ ಅದಕ್ಕಾಗಿಯೇ ಚೀಟಿ ಇಟ್ಟಿದ್ದೇನೆ. ಆ ಹಾಳೆಯನ್ನೇ ಕತ್ತರಿಸಿ ಬೇರೆ ಹಾಳೆ ಅಂಟಿಸುತ್ತೇನೆ, ಸಮಾರಂಭ ಬೇಡ ಎಂದೆ. ಹಾಗಾದರೆ ನನ್ನ ಮುನ್ನುಡಿಯನ್ನೂ ಕತ್ತರಿಸಿಬಿಡಿ ಎಂದು ಕರ್ನಲ್ ಫೋನಿಟ್ಟರು. ಅವರ ಮುನ್ನುಡಿ ಇಲ್ಲದೆ ನಮ್ಮ ಒಂದು ಪುಸ್ತಕವೂ ಅದುವರೆಗೆ ಹೊರಬಂದಿರಲಿಲ್ಲ.

ಹವಾಲ್ದಾರರು ಫೋನಿನಲ್ಲಿ ಹೊಸ ಸಾಲುಗಳನ್ನು ಹೇಳಿದರು, ವಿಚಾರಣೆಯಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ. ನಾನು ಒಂದಕ್ಷರ ಮುಟ್ಟದೆ ಬರೆದುಕೊಂಡೆ. ಪುಟ ಕಟ್ಟುವವರು ತಲೆ ಕೆರೆದುಕೊಂಡರು. ಎರಡು ಸಾಲಿದ್ದ ಜಾಗದಲ್ಲಿ ಇಷ್ಟನ್ನೆಲ್ಲ ಕೂರಿಸಬೇಕು, ಇಲ್ಲದಿದ್ದರೆ ಮುಂದಿನ ಹಾಳೆಗಳೂ ಕೆಡುತ್ತವೆ.

"ಮ್ಯಾಪ್ ಚಿಕ್ಕದ್ ಮಾಡ್ಲಾ ಮೇಡಂ?" ಎಂದರು. ಮಾಡಿ ಎಂದೆ. ಆ ಪುಟದಲ್ಲಿದ್ದ ದಿಬ್ಬದ ನಕ್ಷೆ ಬೆಂಕಿಪೊಟ್ಟಣದಷ್ಟಾಯಿತು. ಅದರ ಕೆಳಗೆ ನನ್ನ ಟಿಪ್ಪಣಿಗೂ ಒಂದಿಷ್ಟು ಜಾಗ ಉಳಿಯಿತು.

ಟಿಪ್ಪಣಿಯನ್ನು ಮೊದಲು ಹೀಗೆ ಬರೆದಿದ್ದೆ: "ಸಂಪಾದನೆಯ ಹಂತದಲ್ಲಿ ಕಾರಣಾಂತರಗಳಿಂದ ಈ ಪುಟದಲ್ಲಿ ಕೆಲವು ಬದಲಾವಣೆಗಳಾಗಿದ್ದವು." ಓದಿ ನೋಡಿದರೆ ನನಗೇ ನಗು ಬಂತು, ಕೆಟ್ಟ ನಗು. ನಾನೂ ಶಿಸ್ತಿನಿಂದ ಹಿಂದಕ್ಕೆ ಸರಿಯುತ್ತಿದ್ದೆ. ಹೊಡೆದುಹಾಕಿ ಮತ್ತೆ ಬರೆದೆ: "ಲೇಖಕರು ಹೇಳಿದ್ದನ್ನು ಪ್ರಕಾಶಕಿ ಬದಲಿಸಿದಳು. ಕಣ್ಣು ಕಾಣದಿದ್ದ ಲೇಖಕರಿಗೆ ಪುಟದಲ್ಲಿ ಇಲ್ಲದ್ದನ್ನು ಓದಿ ಸಹಿ ಹಾಕಿಸಿಕೊಂಡಳು. ಈ ಹಾಳೆ ಅದಕ್ಕಾಗಿ." ಪುಟ ಕಟ್ಟುವವರು ಅದನ್ನು ಟೈಪ್ ಮಾಡಿದರು. ನನ್ನ ಮುಖ ನೋಡಲಿಲ್ಲ.

ಬನಶಂಕರಿಯ ಬೈಂಡರ್ ಅಂಗಡಿಯಲ್ಲಿ ಕೂತು ನಾನೂ ಹಾಳೆ ಕತ್ತರಿಸಿದೆ. ನಮ್ಮದು ಹೊಲಿಗೆ ಹಾಕಿದ ಪುಸ್ತಕ. ಒಂದು ಹಾಳೆಯನ್ನು ಬುಡದವರೆಗೆ ಕಿತ್ತರೆ ಅದರ ಜೋಡಿ ಹಾಳೆ ಇನ್ನೆಲ್ಲೋ ಸಡಿಲವಾಗಿ ಕಳಚುತ್ತದೆ. ಆದ್ದರಿಂದ ಸ್ಟೀಲ್ ಸ್ಕೇಲ್ ಇಟ್ಟು, ಬೆರಳಗಲ ಅಂಚನ್ನು ಒಳಗೆ ಬಿಟ್ಟು ಕತ್ತರಿಸಬೇಕು. ಆ ಅಂಚಿಗೆ ಗೋಂದು ಹಚ್ಚಿ ಹೊಸ ಹಾಳೆ ಕೂರಿಸಿ ಭಾರ ಹೇರಬೇಕು. ಒಣಗಿದ ಮೇಲೂ ಆ ಜಾಗದಲ್ಲಿ ಪುಸ್ತಕ ಸ್ವಲ್ಪ ದಪ್ಪಗಿರುತ್ತದೆ, ತೆರೆದರೆ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತದೆ. ಬೈಂಡರ್ ಅದನ್ನು ಸರಿಮಾಡಿಕೊಡುತ್ತೇನೆ ಎಂದರು. ಬೇಡ, ಇರಲಿ ಎಂದೆ. ಮುನ್ನುಡಿಯ ಜಾಗದಲ್ಲಿ ಬರೀ ಅಂಚು ಉಳಿಯಿತು.

ಹೊಸ ಪ್ರತಿ ಹಿಡಿದು ಹುಳಿಮಾವಿಗೆ ಮತ್ತೆ ಹೋದೆವು. ಟೀಚರ್ ಬಾಗಿಲು ತೆಗೆದರು, ಈ ಸಲ ಮಜ್ಜಿಗೆ ಕೊಡಲಿಲ್ಲ. ಪುಸ್ತಕ ಚಾಚಿದರೆ ಕೈಗೆ ತಗೊಳ್ಳಲಿಲ್ಲ.

"ನೀವೇ ಓದಿ," ಎಂದರು ನನಗೆ. ಓದತೊಡಗಿದರೆ, ಎದ್ದು ಬಂದು ನನ್ನ ಪಕ್ಕ ನಿಂತು, ಪುಟದ ಮೇಲೆ ತಾವೇ ಬೆರಳಿಟ್ಟರು. ನಾನು ಒಂದು ಪದ ಓದುವವರೆಗೂ ಬೆರಳು ಮುಂದಿನ ಪದಕ್ಕೆ ಹೋಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಒಂದನೇ ಕ್ಲಾಸಿನವಳಂತೆ ಓದಿದೆ. ನಾವು ನಾಲ್ಕು ಜನ ಓಡಿದೆವು. ನಾಯಕ್ ಕೂಗಿದರು. ನಾನು ನಿಲ್ಲಲಿಲ್ಲ. ನಾಯಕ್ ಹೇಳಿದ್ದಕ್ಕೆ ಬಂದೆವು ಎಂದು ಆಮೇಲೆ ಹೇಳಿದ್ದು ಸುಳ್ಳು. ಬೆರಳು ನಕ್ಷೆಯನ್ನು ದಾಟಿ ನನ್ನ ಟಿಪ್ಪಣಿಯ ಮೇಲೆ ಬಂದು ನಿಂತಿತು. ಅದನ್ನೂ ಓದಿದೆ. ಎರಡು ಸಲ ತೊದಲಿದೆ. ಟೀಚರ್ ಕಾದರು, ಬೆರಳು ತೆಗೆಯಲಿಲ್ಲ.

ಓದಿ ಮುಗಿದ ಮೇಲೆ ಅವರು ನನ್ನನ್ನು ಬಿಟ್ಟು ಹವಾಲ್ದಾರರ ಎದುರು ಹೋಗಿ ಕೂತರು. ಬೈಯುತ್ತಾರೆ, ಅಳುತ್ತಾರೆ ಎಂದೆಲ್ಲ ಅಂದುಕೊಂಡಿದ್ದೆ.

"ಹೆಂಗ್ ಕೂಗ್ದ?" ಎಂದು ಕೇಳಿದರು.

"ಬಿಡಿಯಕ್ಕಾ."

"ಇಲ್ಲ. ಹೆಂಗ್ ಕೂಗ್ದ ಅಂತ ಕೂಗಿ ತೋರ್ಸಿ. ನಮ್ಮಣ್ಣನ ಗಂಟ್ಲು ಹೆಂಗಿತ್ತು ಅನ್ನೋದೇ ಮರ್ತೋಗಿದೆ ನಂಗೆ."

ಹವಾಲ್ದಾರರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಗೋಡೆಯ ಫೋಟೊ ಕಡೆಗೊಮ್ಮೆ ನೋಡಿದರು. ಆ ಸಣಕಲು ದೇಹದಿಂದ ಅಷ್ಟು ದೊಡ್ಡ ಧ್ವನಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

"ಲೋ ಜರಗನಳ್ಳೀ! ನಿಲ್ಲೋ!"

ಪಕ್ಕದ ಮನೆಯಾಕೆ ಗಾಬರಿಯಾಗಿ ಕಿಟಕಿಯಿಂದ ಇಣುಕಿದರು. ಟೀಚರ್ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಮೊದಲು ತಿಳಿಯಲಿಲ್ಲ.

"ಅವ್ನೇ. ಅವ್ನೇ ಅದು. ಯಾರ್ ಬಂದ್ರೂ ಊರ್ ಹೆಸ್ರು ಹಿಡ್ದೇ ಕರೀತಿದ್ದ. ನನ್ ನೋಡಕ್ಕೆ ಬಂದ ಗಂಡಿಗೂ 'ಬಾರೋ ಬೇಗೂರು' ಅಂದಿದ್ದ." ಕಣ್ಣೊರೆಸಿಕೊಂಡು ಹವಾಲ್ದಾರರ ಕೈ ಹಿಡಿದರು. "ಇನ್ನೊಂದ್ ಸಲ ಕೂಗಿ."

ಅವರು ಇನ್ನೊಂದು ಸಲ ಕೂಗಿದರು. ನಾನು ಪುಸ್ತಕ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದೆ. ಆ ಮೂರು ಪದಗಳನ್ನು ಪುಟದಿಂದ ತೆಗೆದ ದಿನ ಕರ್ನಲ್‌ಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು. "ಇದೊಂದು ಕೂಗು ಇದೆ ಸಾರ್, ಇತಿಹಾಸಕ್ಕೇನೂ ಬೇಕಾಗಿಲ್ಲ," ಎಂದಿದ್ದೆ.